ಹಡಗು ಹತ್ತುವ ಮೊದಲಿನ ಲೆಕ್ಕ

ಹ್ಯೂಸ್ಟನ್ನಿನಲ್ಲಿರುವ ಮಗ ಫೋನು ಮಾಡಿ, "ಅಪ್ಪ, ಜನವರಿಯಲ್ಲಿ ಇಬ್ಬರೂ ಬನ್ನಿ. ಐದು ರಾತ್ರಿ ಹಡಗಿನಲ್ಲಿ ಮೆಕ್ಸಿಕೋ ತೋರಿಸಿಕೊಂಡು ಬರ್ತೀನಿ" ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಸಮುದ್ರವಲ್ಲ, ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಮೇಷ್ಟ್ರಿಗೆ ಜನವರಿ ಎಂದರೆ ಅಷ್ಟೇ. "ಗಳಿಕೆ ರಜೆ ಕೊಳೀತಾ ಬಿದ್ದಿದೆಯಲ್ಲ, ಪಾಠ ಮುಗಿಸಿಟ್ಟು ಹೋಗಿ ಬನ್ನಿ" ಎಂದು ಮುಖ್ಯೋಪಾಧ್ಯಾಯರೇ ಹೇಳಿದರೂ ಮನಸ್ಸು ಒಪ್ಪಿರಲಿಲ್ಲ. ಒಪ್ಪಿದ್ದು ಮಗ ಕಳಿಸಿದ ಹಡಗಿನ ದಾರಿಯ ನಕ್ಷೆ ನೋಡಿದ ಮೇಲೆ. ಅದರಲ್ಲಿ ಪ್ರೊಗ್ರೆಸೊ ಎಂಬ ಬಂದರಿತ್ತು. ಅದರ ಪಕ್ಕದ ಊರೇ ಚಿಕ್ಷುಲೂಬ್. ಡೈನೋಸಾರುಗಳ ಕಥೆ ಮುಗಿಸಿದ ಕ್ಷುದ್ರಗ್ರಹ ಬಂದು ಬಿದ್ದ ಜಾಗ! ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದ ಹೆಸರನ್ನು ಕಾಲಲ್ಲಿ ತುಳಿದು ಬರುವ ಅವಕಾಶ ಬಿಡುವುದುಂಟೆ?

ಆದರೆ ತಿಪಟೂರಿನ ನಮ್ಮ ಅಡುಗೆಮನೆಯಲ್ಲಿ ಪ್ರವಾಸಕ್ಕಿಂತ ಮೊದಲು ಒಂದು ಚರ್ಚೆ ನಡೆಯಿತು. ಟಿಕೆಟ್ ಕೊಳ್ಳುವಾಗ ಪರದೆಯ ಮೇಲೆ ಒಂದು ಪುಟ್ಟ ಚೌಕ ಬಂದಿತಂತೆ. ಪ್ರಯಾಣ ವಿಮೆ ಬೇಕೆ, ಬೇಡವೆ? ಇಬ್ಬರಿಗೆ 120 ಡಾಲರ್. ಮಗ ಹೇಳಿದ: "ಅಪ್ಪ, ಅಲ್ಲಿ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್ ಕೊನೆವರೆಗೆ. ನಾವು ಹೋಗೋದು ಚಳಿಗಾಲದಲ್ಲಿ. ಸುಮ್ಮನೆ ದಂಡ." ನನ್ನ ಹೆಂಡತಿ ಕೂಡಲೇ ರೂಪಾಯಿಗೆ ತಿರುಗಿಸಿ, "ಹತ್ತು ಸಾವಿರಕ್ಕೆ ಒಂದು ಒಳ್ಳೆ ಮಿಕ್ಸಿ, ಮೇಲೊಂದು ಕುಕ್ಕರ್ ಬರುತ್ತಲ್ರೀ" ಎಂದಳು. ನಾನು ಒಂದು ದಿನದ ಸಮಯ ಕೇಳಿದೆ.

ಆ ರಾತ್ರಿ ನನ್ನ ನೆರವಿಗೆ ಬಂದವನು ಡೇನಿಯಲ್ ಬರ್ನೌಲಿ. ಎರಡು ಕಾಗದದ ಹಾಳೆಗಳನ್ನು ಹತ್ತಿರ ಹಿಡಿದು ನಡುವೆ ಊದಿದರೆ ಅವು ದೂರ ಸರಿಯುವ ಬದಲು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತರಗತಿಯಲ್ಲಿ ಮಾಡಿ ತೋರಿಸುತ್ತೇವಲ್ಲ, ಆ ತತ್ತ್ವದ ಬರ್ನೌಲಿ. ದ್ರವಗಳ ಚಲನೆಯ ಬಗ್ಗೆ ಅವನು ಬರೆದ ಗ್ರಂಥ ಪ್ರಕಟವಾದದ್ದು 1738ರಲ್ಲಿ. ಅದೇ ವರ್ಷ ಅವನ ಇನ್ನೊಂದು ಲೇಖನವೂ ಹೊರಬಂತು. ಅದರಲ್ಲಿ ನಮ್ಮ ಅಡುಗೆಮನೆಯ ಪ್ರಶ್ನೆಯೇ ಇದೆ!

ಒಬ್ಬ ವ್ಯಾಪಾರಿ. ಆಮ್‌ಸ್ಟರ್‌ಡಾಮಿನಿಂದ ಸೇಂಟ್ ಪೀಟರ್ಸ್‌ಬರ್ಗಿಗೆ 10,000 ರೂಬಲ್ ಬೆಲೆಯ ಸರಕನ್ನು ಸಮುದ್ರದ ಮೇಲೆ ತರಿಸಬೇಕು. ಆ ಋತುವಿನಲ್ಲಿ ಹೊರಟ ನೂರು ಹಡಗುಗಳಲ್ಲಿ ಐದು ಮುಳುಗುತ್ತವೆ. ವಿಮೆಗೆ 800 ರೂಬಲ್. ಮಕ್ಕಳೇ, ಲೆಕ್ಕ ಹಾಕಿ. ನೂರಕ್ಕೆ ಐದರಂತೆ ಸರಾಸರಿ ನಷ್ಟ 500 ರೂಬಲ್. ಕೇಳುತ್ತಿರುವುದು 800. ಮೇಲ್ನೋಟಕ್ಕೆ ವಿಮೆ ಮಾಡಿಸುವವನು 300 ರೂಬಲ್ ಕಳೆದುಕೊಳ್ಳುತ್ತಾನೆ. ಹಾಗಾದರೆ ಮಾಡಿಸುವವನು ದಡ್ಡನೆ? ಬರ್ನೌಲಿ ಹೇಳುತ್ತಾನೆ: ಮೊದಲು ಅವನ ಮನೆಯಲ್ಲಿ ಇನ್ನೆಷ್ಟು ದುಡ್ಡಿದೆ ಕೇಳಿ. ಈ ಸರಕು ಬಿಟ್ಟು 5,043 ರೂಬಲ್‌ಗಿಂತ ಕಡಿಮೆ ಇದ್ದರೆ ವಿಮೆ ಮಾಡಿಸುವುದೇ ಜಾಣತನ. ಅದಕ್ಕಿಂತ ಹೆಚ್ಚಿದ್ದರೆ ಧೈರ್ಯವಾಗಿ ತಾನೇ ಹೊರಲಿ. ಹಡಗು ಅದೇ, ಸಮುದ್ರ ಅದೇ, ಮುಳುಗುವ ಸಂಭವವೂ ಅದೇ. ಉತ್ತರ ಬದಲಾಗುವುದು ಹೊರುವವನ ಹೆಗಲಿನ ಬಲದಿಂದ.

ಇದನ್ನು ನಮಗೆ ಅನ್ವಯಿಸಿ ನೋಡಿದೆ. ಚಳಿಗಾಲದ ಹಡಗುಯಾನದಲ್ಲಿ ಆಗಬಹುದಾದ ನಷ್ಟ ಎರಡು ಬಗೆಯದು. ಹೋಗಲಾಗದೆ ಟಿಕೆಟ್ಟಿನ ಹಣ ಮುಳುಗುವುದು ಒಂದು. ನಮ್ಮಿಬ್ಬರ ಟಿಕೆಟ್ಟಿಗೆ ಸುಮಾರು 1,000 ಡಾಲರ್, ಆಗಿನ ದರದಲ್ಲಿ 83,000 ರೂಪಾಯಿ. ಹೋದರೆ ಎರಡು ತಿಂಗಳು ಹೊಟ್ಟೆ ಉರಿದೀತು, ಮನೆ ಮುಳುಗದು. ಇನ್ನೊಂದು, ದಾರಿಯಲ್ಲಿ ಆರೋಗ್ಯ ಕೈಕೊಡುವುದು. ಪರದೇಶದ ಆಸ್ಪತ್ರೆಯ ಕೆಲವು ದಿನಗಳ ಖರ್ಚು, ದ್ವೀಪದಿಂದ ದೊಡ್ಡ ಊರಿಗೆ ವಿಮಾನದಲ್ಲಿ ರೋಗಿಯನ್ನು ಸಾಗಿಸುವ ಖರ್ಚು 50,000 ಡಾಲರ್ ದಾಟುವುದುಂಟು. ಎಂದರೆ 41 ಲಕ್ಷ ರೂಪಾಯಿ! ನನ್ನ ಭವಿಷ್ಯನಿಧಿಯನ್ನು ಬಳಿದು ಹಾಕಿದರೂ ಸಾಲದು. ಮಗನ ಪರದೆಯ ಮೇಲಿದ್ದ ಆ ಚೌಕದ ವಿವರ ತೆಗೆಸಿ ಓದಿಸಿದರೆ, ಅದರಲ್ಲಿ ಟಿಕೆಟ್ ಹಣಕ್ಕೇ ಒತ್ತು. ಆಸ್ಪತ್ರೆಗೆ ಇಟ್ಟ ಮಿತಿ 10,000 ಡಾಲರ್ ಮಾತ್ರ. ಹೊರಬಲ್ಲ ನಷ್ಟಕ್ಕೆ ಕೊಡೆ, ಹೊರಲಾಗದ ನಷ್ಟಕ್ಕೆ ಕರವಸ್ತ್ರ! ಆ ಚೌಕ ಬೇಡವೆಂದೆ. ಬದಲಿಗೆ ಇಲ್ಲಿಂದಲೇ, ಅಮೆರಿಕ ಸೇರಿದಂತೆ ಎಲ್ಲ ದೇಶಗಳಿಗೂ ಅನ್ವಯಿಸುವ, ಚಿಕಿತ್ಸೆ ಮತ್ತು ರೋಗಿ ಸಾಗಾಣಿಕೆಗೆ ದೊಡ್ಡ ಮೊತ್ತವಿರುವ ಪಾಲಿಸಿ ಮಾಡಿಸುವುದೆಂದು ತೀರ್ಮಾನವಾಯಿತು. ಸಾಲ ಮಾಡಿ ಹಲವು ಲಕ್ಷದ ಟಿಕೆಟ್ ಕೊಳ್ಳುವವರಿಗೆ, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುವವರಿಗೆ ಟಿಕೆಟ್ಟಿನ ವಿಮೆಯೂ ಬೇಕಾದೀತು. ಅವರ ಹೆಗಲು ಬೇರೆ, ಅವರ ಲೆಕ್ಕ ಬೇರೆ.

ನಿಜವಾದ ಪರೀಕ್ಷೆ ಬಂದದ್ದು ಅರ್ಜಿ ತುಂಬುವಾಗ. ನನ್ನ ಹೆಂಡತಿಗೆ ಆರು ವರ್ಷದಿಂದ ಬಿಪಿ. 'ಈಗಾಗಲೇ ಇರುವ ಕಾಯಿಲೆಗಳು' ಎಂಬ ಕಾಲಮ್ಮಿನ ಮುಂದೆ ಏಜೆಂಟರು, "ಇಲ್ಲ ಅಂತ ಬರ್ದುಬಿಡಿ ಸಾರ್, ಯಾರು ನೋಡ್ತಾರೆ? ಪ್ರೀಮಿಯಂ ಜಾಸ್ತಿ ಆಗುತ್ತೆ" ಎಂದರು. ಮನೆಯಾಕೆಯೂ, "ಬಿಪಿ ಈಗ ಯಾರಿಗಿಲ್ಲ ಹೇಳಿ" ಎಂದು ದನಿಗೂಡಿಸಿದಳು. ನಕಲು ಹೊಡೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಇದು. 'ಇದೆ' ಎಂದೇ ಬರೆದೆ, ಮಾತ್ರೆಯ ಹೆಸರನ್ನೂ ಬರೆದೆ. ಇದು ಬರೀ ನೀತಿಯ ಮಾತಲ್ಲ. 1766ರಲ್ಲಿ ಸುಮಾತ್ರಾ ದ್ವೀಪದ ಒಂದು ಕೋಟೆಯ ವಿಮೆಯ ವ್ಯಾಜ್ಯ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡರ ಮುಂದೆ ಬಂದಾಗ ಅವರು ವಿವರಿಸಿದ ತತ್ತ್ವ ಇಂದಿಗೂ ವಿಮೆಯ ಅಡಿಗಲ್ಲು: ತನಗೆ ಗೊತ್ತಿರುವ ಮುಖ್ಯ ಸಂಗತಿಯನ್ನು ಯಾವ ಪಕ್ಷದವರೂ ಮುಚ್ಚಿಡಬಾರದು. ಮುಚ್ಚಿಟ್ಟರೆ, ಹಣ ಬೇಕಾದ ದಿನವೇ ಪಾಲಿಸಿ ಬರೀ ಕಾಗದವಾದೀತು. ಪ್ರೀಮಿಯಂ ಏರಿತು. ಮೇಲೆ ಒಂದು ಷರತ್ತು ಬೇರೆ: ಬಿಪಿಗೆ ಸಂಬಂಧಿಸಿದ್ದಾದರೆ ಪ್ರಾಣಾಪಾಯದ ತುರ್ತಿನಲ್ಲಿ ಮಾತ್ರ ಹಣ. ಬೇಸರವಾಯಿತು, ನಿಜ. ಆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಮನೆ ಬಿಡುವ ಮೊದಲೇ ತಿಳಿಯಿತು. ಹಡಗಿನ ಮೇಲೆ, ಮೆಕ್ಸಿಕೋದ ನೆಲದ ಮೇಲೆ ಪಾಲಿಸಿ ನಡೆಯುತ್ತದೆಯೇ ಎಂದೂ ಪತ್ರ ಬರೆದು ಲಿಖಿತ ಉತ್ತರ ತರಿಸಿಕೊಂಡೆ.

2024ರ ಜನವರಿಯಲ್ಲಿ ಹಡಗು ಹತ್ತಲು ಹೋದದ್ದು ಗ್ಯಾಲ್ವೆಸ್ಟನ್ನಿಗೆ. ಹ್ಯೂಸ್ಟನ್ನಿನಿಂದ ಸುಮಾರು 80 ಕಿಲೋಮೀಟರ್ ದೂರದ, ಮೆಕ್ಸಿಕೋ ಕೊಲ್ಲಿಯ ದಂಡೆಯ ದ್ವೀಪನಗರ. 1900ರ ಸೆಪ್ಟೆಂಬರ್ 8ರಂದು ಚಂಡಮಾರುತವೊಂದು ಈ ಊರನ್ನು ಕೊಚ್ಚಿಹಾಕಿತು. ಸತ್ತವರು ಆರರಿಂದ ಹನ್ನೆರಡು ಸಾವಿರ ಎಂಬ ಅಂದಾಜುಗಳಿವೆ. ಉಳಿದವರು ಓಡಿಹೋಗದೆ 17 ಅಡಿ ಎತ್ತರದ ಸಮುದ್ರಗೋಡೆ ಕಟ್ಟಿದರು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕಿಗಳಿಂದ ಮೇಲೆತ್ತಿ, ಅಡಿಗೆ ಮರಳು ತುಂಬಿ ಊರನ್ನೇ ಎತ್ತರಿಸಿದರು. ಆ ಗೋಡೆಯ ಮೇಲೆ ಬೆಳಗಿನ ವಾಯುಸೇವನೆ ಮಾಡುತ್ತ, ಇದೂ ಒಂದು ವಿಮೆಯೇ ಅಲ್ಲವೇ ಎಂದುಕೊಂಡೆ.

ಆದರೆ ಸಮುದ್ರವೇ ಕಾಣುತ್ತಿರಲಿಲ್ಲ! ಕಂಡದ್ದು ಹಾಲಿನಂಥ ಮಂಜು. ಉತ್ತರದ ಚಳಿಗಾಳಿಗೆ ದಂಡೆಯ ನೀರು ತಣ್ಣಗಾಗಿರುತ್ತದೆ. ದಕ್ಷಿಣದಿಂದ ಬೆಚ್ಚಗಿನ ತೇವದ ಗಾಳಿ ಅದರ ಮೇಲೆ ಹಾಯ್ದಾಗ ಆವಿ ಸಾಂದ್ರೀಕರಿಸಿ ಮಂಜಾಗುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವ ತತ್ತ್ವವೇ. ಮಂಜು ಬಿದ್ದರೆ ಬಂದರಿನ ಕಾಲುವೆ ಮುಚ್ಚುತ್ತಾರೆ. ಬೆಳಿಗ್ಗೆ ಬರಬೇಕಿದ್ದ ನಮ್ಮ ಹಡಗು ಹೊರಗೇ ನಿಂತಿತ್ತು. ಮಧ್ಯಾಹ್ನ ಮೂರಕ್ಕೆ ಅದು ಒಳಗೆ ಬಂದಾಗ, ಇಳಿದ ಜನರಲ್ಲಿ ಎಷ್ಟೋ ಮಂದಿ ತಪ್ಪಿದ ವಿಮಾನಕ್ಕಾಗಿ ಫೋನು ಹಿಡಿದು ಪರದಾಡುತ್ತಿದ್ದರು. "ಚಂಡಮಾರುತ ಇಲ್ಲ ಅಂದೆಯಲ್ಲ, ಮಂಜು ಇದೆ ಅನ್ನಲಿಲ್ಲ" ಎಂದೆ ಮಗನಿಗೆ. ಚಳಿಗಾಲದ ಹಡಗುಯಾನಕ್ಕೆ ದೂರದಿಂದ ಹೋಗುವವರು ಹಿಂದಿನ ದಿನವೇ ಬಂದರಿನ ಊರು ಸೇರಬೇಕು. ಇಳಿಯುವ ದಿನ ಬೆಳಗಿನ ವಿಮಾನ ಹಿಡಿಯುವ ಸಾಹಸ ಬೇಡ. ಇದಕ್ಕೆ ಪ್ರೀಮಿಯಂ ಇಲ್ಲ.

ಹಡಗಿನ ಊಟದ ಮನೆಯಲ್ಲಿ ನಮಗೆ ಕೊಟ್ಟ ಮೇಜಿನಲ್ಲಿ ಟೆಕ್ಸಾಸಿನ ವೃದ್ಧ ದಂಪತಿಗಳಿದ್ದರು. ಎಪ್ಪತ್ತು ದಾಟಿದ ಹಸನ್ಮುಖಿಗಳು. ಬಡಿಸುವ ಹುಡುಗ ನಮ್ಮ ಮಾತು ಕೇಳಿ, "ಕನ್ನಡದವ್ರಾ ಸರ್? ನಂದು ಕುಂದಾಪುರ ಮಾರಾಯ್ರೆ!" ಎಂದು, ಅಂದಿನಿಂದ ನಮಗೆ ಅನ್ನ, ಬೇಳೆ ಹುಡುಕಿ ತರತೊಡಗಿದ. ಆ ಹಿರಿಯರು ನಗುತ್ತ ಹೇಳಿದ್ದರು: ಇದು ತಮ್ಮ ಹನ್ನೊಂದನೆಯ ಹಡಗುಯಾನ, ಒಮ್ಮೆಯೂ ವಿಮೆ ಮಾಡಿಸಿಲ್ಲ, ಉಳಿದ ದುಡ್ಡಿನಲ್ಲಿ ಹನ್ನೆರಡನೆಯದು ಆಗುತ್ತದೆ!

ಮೂರನೆಯ ದಿನ ಹಡಗು ಕೊಸುಮೆಲ್ ದ್ವೀಪದಲ್ಲಿ ನಿಂತಿತು. ನೀಲಿ, ಹಸಿರು ಬಣ್ಣದ ಆ ತಿಳಿನೀರು ನೋಡಿ ಮರಳಿ ಬರುವಾಗ, ಸಹಾಯದ ಕೌಂಟರಿನ ಮುಂದೆ ಆ ಅಜ್ಜಿ ಒಬ್ಬರೇ ನಿಂತಿದ್ದರು. ಕೈಚೀಲದ ಸಾಮಾನೆಲ್ಲ ಕೌಂಟರಿನ ಮೇಲಿತ್ತು. ಬೆಳಗಿನ ಜಾವ ಯಜಮಾನರಿಗೆ ಎದೆನೋವು ಬಂದು, ಹಡಗಿನ ವೈದ್ಯರು ದ್ವೀಪದ ಆಸ್ಪತ್ರೆಗೆ ಕಳಿಸಿದ್ದರಂತೆ. ದಾಖಲು ಮಾಡಿಕೊಳ್ಳುವ ಮೊದಲೇ ಅಲ್ಲಿ ಮುಂಗಡ ಕೇಳಿದ್ದಾರೆ. ಅಮೆರಿಕದ ಹಿರಿಯರಿಗೆ ಸರ್ಕಾರ ಕೊಡುವ ಮೆಡಿಕೇರ್ ಸೌಲಭ್ಯ ಸಾಮಾನ್ಯವಾಗಿ ಆ ದೇಶದ ಗಡಿಯಾಚೆ ನಡೆಯುವುದಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ಫೋನಿನಲ್ಲಿ ಮಗಳಿಗೆ ಬ್ಯಾಂಕಿನ ಕಾರ್ಡಿನ ಸಂಖ್ಯೆ ಕೇಳುತ್ತಿದ್ದರು. ಬರೆದುಕೊಳ್ಳುವ ಕೈ ನಡುಗುತ್ತಿತ್ತು. ನನ್ನ ಹೆಂಡತಿ ಹೋಗಿ ಆ ಕೈ ಹಿಡಿದುಕೊಂಡಳು. ಇವಳಿಗೆ ಅವರ ಇಂಗ್ಲಿಷ್ ಬರದು, ಅವರಿಗೆ ಇವಳ ಕನ್ನಡ ಬರದು. ಸಂಖ್ಯೆಗಳನ್ನು ನಾನೇ ಬರೆದುಕೊಟ್ಟೆ. ಅಜ್ಜಿ ಸೂಟ್‌ಕೇಸಿನೊಂದಿಗೆ ಇಳಿದುಹೋದರು. ಹಡಗು ಕಾಯಲಿಲ್ಲ. ಆ ರಾತ್ರಿ ಕುಂದಾಪುರದ ಹುಡುಗ ಎರಡು ಖಾಲಿ ಕುರ್ಚಿಗಳ ಮುಂದಿನ ತಟ್ಟೆಗಳನ್ನು ಮಾತಿಲ್ಲದೆ ತೆಗೆದುಕೊಂಡು ಹೋದ. ಮಲಗುವ ಮುಂಚೆ ನನ್ನಾಕೆ ಕೇಳಿದಳು: "ನಮ್ಮ ಕಾಗದ ಎಲ್ಲಿಟ್ಟಿದ್ದೀರಿ?" ಬಿಪಿ ಮಾತ್ರೆಯನ್ನೂ ಅವತ್ತು ತಾನಾಗಿಯೇ ನುಂಗಿದಳು.

ಮರುದಿನ ಪ್ರೊಗ್ರೆಸೊ. ಅಲ್ಲಿನ ಹಡಗುಕಟ್ಟೆಯೇ ಒಂದು ಬೆರಗು. ದಡದಿಂದ ಸಮುದ್ರದೊಳಕ್ಕೆ ಸುಮಾರು ಆರೂವರೆ ಕಿಲೋಮೀಟರ್ ಚಾಚಿದೆ! ಯುಕಟಾನಿನ ಸುಣ್ಣಕಲ್ಲಿನ ನೆಲ ಬಹಳ ನಿಧಾನವಾಗಿ ಇಳಿಜಾರಾಗುವುದರಿಂದ ದೊಡ್ಡ ಹಡಗಿಗೆ ಬೇಕಾದ ಆಳ ಸಿಗಲು ಅಷ್ಟು ದೂರ ಹೋಗಬೇಕು. ಬಸ್ಸಿನಲ್ಲಿ ದಡ ಸೇರಿ, ಬಾಡಿಗೆ ಕಾರಿನಲ್ಲಿ ಚಿಕ್ಷುಲೂಬ್ ತಲುಪಿದೆವು. ಮೀನುಗಾರರ ಒಂದು ಊರು, ದೋಣಿಗಳು, ನೆಲಕ್ಕಿಳಿದ ಪೆಲಿಕನ್ ಹಕ್ಕಿಗಳು. "ಗುಂಡಿ ಎಲ್ಲಿ?" ಎಂದಳು ಇವಳು. ಗುಂಡಿಯೊಳಗೇ ನಿಂತಿದ್ದೇವೆ ಎಂದೆ. ಸುಮಾರು 180 ಕಿಲೋಮೀಟರ್ ಅಗಲದ ಕುಳಿ ಅದು. ಅರ್ಧ ನೆಲದಡಿ, ಅರ್ಧ ಸಮುದ್ರದಡಿ, ಮೇಲೆ ಕೋಟ್ಯಂತರ ವರ್ಷಗಳ ಸುಣ್ಣಕಲ್ಲಿನ ಹೊದಿಕೆ. ಸುಮಾರು 10 ಕಿಲೋಮೀಟರ್ ಗಾತ್ರದ ಬಂಡೆಯೊಂದು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಬಂದಪ್ಪಳಿಸಿತು. ನಮ್ಮ ಬೆಳಗಾವಿ, ವಿಜಯಪುರದ ಕಪ್ಪುಕಲ್ಲು ಕೂಡ ಹೆಚ್ಚುಕಡಿಮೆ ಅದೇ ಕಾಲಘಟ್ಟದಲ್ಲಿ ಉಕ್ಕಿದ ಲಾವಾ. ಆಲ್ವಾರೆಜ್ ತಂದೆ-ಮಗ ಮತ್ತು ಜೊತೆಗಾರರು ಜೇಡಿಪದರದ ಇರಿಡಿಯಂ ಹಿಡಿದು ಈ ಡಿಕ್ಕಿಯ ವಿಚಾರ ಮಂಡಿಸಿದ್ದು 1980ರಲ್ಲಿ. ಕುಳಿ ಇಲ್ಲಿಯದೇ ಎಂದು ವಿಜ್ಞಾನಿಗಳು ಗುರುತಿಸಿ ಪ್ರಕಟಿಸಿದ್ದು 1991ರಲ್ಲಿ. ದಂಡೆಯ ಒಂದು ಹಿಡಿ ಮರಳು ಕೈಗೆ ತೆಗೆದುಕೊಂಡೆ. ಬಹಳ ಹೊತ್ತು ಮಾತು ಬರಲಿಲ್ಲ.

ಮರಳಿ ಗ್ಯಾಲ್ವೆಸ್ಟನ್ ಮುಟ್ಟಿದೆವು. ಪಾಲಿಸಿಯ ಒಂದು ಪೈಸೆಯೂ ಉಪಯೋಗಕ್ಕೆ ಬರಲಿಲ್ಲ. "ಹೋಗಲಿ ಬಿಡಿ, ದಂಡವಾದದ್ದೇ ಒಳ್ಳೇದಾಯ್ತು" ಎಂದಳು ಮಿಕ್ಸಿಯ ಲೆಕ್ಕ ಹಾಕಿದ್ದ ನನ್ನ ಹೆಂಡತಿ. ಆ ಹಿರಿಯರು ಏನಾದರೋ ತಿಳಿಯಲಿಲ್ಲ. ಈಗಲೂ ಊಟಕ್ಕೆ ಕುಳಿತಾಗ ಒಮ್ಮೊಮ್ಮೆ ಕೇಳುತ್ತಾಳೆ.

ಊರಿಗೆ ಬಂದ ಮೇಲೆ ಹತ್ತನೆಯ ತರಗತಿಯಲ್ಲಿ ಬರ್ನೌಲಿಯ ವ್ಯಾಪಾರಿಯ ಲೆಕ್ಕ ಬರೆದು, ಯಾರು ವಿಮೆ ಮಾಡಿಸಬೇಕು ಎಂದು ಕೇಳಿದೆ. ಬುದ್ಧಿವಂತ ಹುಡುಗರೆಲ್ಲ ಐನೂರು, ಎಂಟುನೂರು ಎಂದು ಕಳೆಯುವ ಲೆಕ್ಕದಲ್ಲೇ ಸಿಕ್ಕಿಬಿದ್ದರು. ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ದಿನವೂ ಡೇರಿಗೆ ಹಾಲು ಹಾಕಿ ಶಾಲೆಗೆ ಬರುವವಳು.

"ಸಾರ್, ನಮ್ಮನೇಲಿ ಇರೋದು ಒಂದೇ ಹಸು. ನಮ್ಮಪ್ಪ ಅದಕ್ಕೆ ವಿಮೆ ಮಾಡ್ಸವ್ರೆ, ಕಿವಿಗೆ ಓಲೆ ಹಾಕ್ಸವ್ರೆ. ತೋಟದ್ಮನೆಯೋರಿಗೆ ಇಪ್ಪತ್ತು ಹಸು ಅವೆ. ಅವ್ರು ಮಾಡ್ಸಿಲ್ಲ."

ಬಳಪ ಕೆಳಗಿಟ್ಟು, ಕೂತ್ಕೋಮ್ಮ ಎಂದೆ.