ಹಿತ್ತಲ ಮನೆ

ತನ್ನ ಹಿತ್ತಲಲ್ಲಿ ತಾನೊಂದು ಚಿಕ್ಕ ಮನೆಯನ್ನು ಕಟ್ಟಿಕೊಳ್ಳುವದಕ್ಕೆ ಅನ್ಯರ ಅಪ್ಪಣೆ ಏತಕ್ಕೆಂದು ಕೇಳುವವರು ನಮ್ಮ ಕನಮಡಿಯಲ್ಲಿ ಈಗಲೂ ಉಂಟು. ಕೇಳುವದು ಸಹಜವೇ. ಹಳೆಯ ಮನೆಗಳು ಅಪ್ಪಣೆ ಪಡೆದು ಬೆಳೆದವುಗಳಲ್ಲ. ಮಗನ ಮದುವೆಯಾದರೆ ಪಡಸಾಲೆಗೆ ಒಂದು ಗೋಡೆ ಬರುತ್ತಿದ್ದಿತು. ಅತ್ತೆ ಸೊಸೆಯರಿಗೆ ಕೂಡಿಬರದಿದ್ದರೆ ದನದ ಮನೆಯ ಮಗ್ಗುಲಿಗೆ ಎರಡನೆಯ ಒಲೆಯನ್ನು ಹೂಡುತ್ತಿದ್ದರು. ಬೇವಿನ ತೊಲೆ, ಮಣ್ಣಿನ ಮಾಳಿಗೆ; ಅಷ್ಟಕ್ಕೆ ಮನೆಯಾಯಿತು.

ಆದರೆ ಕಾಯಿದೆಯಾದರೂ ನಿನ್ನೆ ಮೊನ್ನೆಯದಲ್ಲ. ನಮ್ಮ ಸೀಮೆಯು ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1879ರ ಭೂಕಂದಾಯ ಸಂಹಿತೆಯು ಒಕ್ಕಲಿಗನು ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ತನ್ನ ಹೊಲದಲ್ಲಿ ಕಟ್ಟಬಹುದೆಂದೂ, ಬೇರೆ ಉಪಯೋಗಕ್ಕೆ ಕಲೆಕ್ಟರರ ಅಪ್ಪಣೆ ಬೇಕೆಂದೂ ವಿಧಿಸಿತ್ತು. ನಮ್ಮ ರಾಜ್ಯದ 1964ರ ಕಾಯಿದೆಯ 95ನೆಯ ಕಲಮು ಅದೇ ಜಾಡಿನದು. ಊರೊಳಗಿನ ಗಾವಠಾಣಕ್ಕಾದರೋ 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಕಲಮು ಅನ್ವಯಿಸುವದು. ಹೊಸದನ್ನು ಕಟ್ಟುವದಿರಲಿ, ಇದ್ದುದಕ್ಕೆ ಕೂಡಿಸುವದಿರಲಿ, ಗ್ರಾಮ ಪಂಚಾಯತಿಯ ಲಿಖಿತ ಅಪ್ಪಣೆ ಬೇಕು. ವಿಜಯಪುರ ಪಟ್ಟಣದವರ ತೊಡಕು ಇನ್ನೂ ಬಿಗಿಯಾದುದು. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತಲೂ 100 ಮೀಟರು ಹೊಸ ಕಟ್ಟಡಕ್ಕೆ ನಿಷಿದ್ಧ, ಅದರಾಚೆ 200 ಮೀಟರು ನಿಯಂತ್ರಿತ. ಗೋಳಗುಮ್ಮಟದ ನೆರೆಯವರಿಗೆ ಮುಹಮ್ಮದ ಆದಿಲಶಹನ ವಿಶಾಲವಾದ ನಿದ್ರಾಮಂದಿರವನ್ನು ನೋಡುತ್ತ ತಮ್ಮ ಇಕ್ಕಟ್ಟನ್ನು ಸಹಿಸುವದೇ ಗತಿ!

ನಮ್ಮ ಚಿಗವ್ವನಿಗೆ ಎಪ್ಪತ್ತು ದಾಟಿದ ಮೇಲೆ, ಬರಿದಾಗಿ ಬಿದ್ದ ದನದ ಮನೆಯ ಜಾಗದಲ್ಲಿ ತನಗೊಂದು ಕೋಣೆ, ಒಂದು ಒಲೆ ಬೇಕೆನಿಸಿತು. ಮಕ್ಕಳಿಬ್ಬರೂ ಒಪ್ಪಿದರು. ಕರದ ಪಾವತಿ, ನಕಾಶೆ, ಉತಾರೆ ಎಲ್ಲವನ್ನೂ ಹೊಂದಿಸಿದರು. ಉತಾರೆಯಲ್ಲಿ ಮಾತ್ರ ತೀರಿಹೋದ ಕಾಕಾನ ಹೆಸರೇ ಇದ್ದಿತು. ಮೊದಲು ವಾರಸಾ ಆಗಬೇಕು. ವಾರಸಾ ಎಂದರೆ ತಾಯಿ, ಗಂಡುಮಕ್ಕಳು, ಅವರೊಡನೆ ಮಗಳು.

"ಆಕಿ ಕೊಟ್ಟ ಮನೀಗೆ ಹೋದಾಕಿ, ಆಕೀದೇನು?" ಎಂದು ಹಿರಿಯ ಮಗನು ಕೇಳಿದನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ತಂದೆಯ ಸ್ವತ್ತಿನಲ್ಲಿ ಮಗಳನ್ನು ವಾರಸುದಾರಳನ್ನಾಗಿ ಎಣಿಸಿತು; ಪಿತ್ರಾರ್ಜಿತದಲ್ಲಿ ಸರಿಪಾಲನ್ನು 1994ರಲ್ಲಿ ನಮ್ಮ ರಾಜ್ಯವೂ 2005ರಲ್ಲಿ ದೇಶವೂ ಒಪ್ಪಿದವು. ಮನೆಯವರು ಉಡಿ ತುಂಬಿ ಕಳಿಸಿ ಲೆಕ್ಕದಿಂದ ಬಿಟ್ಟವಳನ್ನು ಕಾಗದವು ಬಿಟ್ಟಿರಲಿಲ್ಲ. ಅಪ್ಪಣೆಯೆಂಬುದು ಬರಿಯ ಕಾಟವೆಂದು ಜರೆಯುವವರಿಗೆ ನಾನು ಹೇಳುವದು ಇಷ್ಟನ್ನೇ. ಇತ್ತ 2020ರಲ್ಲಿ ಮೊದಲಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಆಕಾಶದಿಂದ ಡ್ರೋನ್ ಅಳೆಯುತ್ತಿದೆ. ಗೋಡೆಗಳು ಅದಕ್ಕೆ ಕಾಣುವವು, ಒಲೆಗಳು ಕಾಣವು.

ಗಡಿಯಾಚೆ ಜತ್ತ ತಾಲೂಕಿಗೆ ಕೊಟ್ಟ ಮಗಳು ಬಂದಳು. ಅಣ್ಣಂದಿರು ಅಂಜಿದಂತೆ ಪಾಲು ಕೇಳಲಿಲ್ಲ. ನಕಾಶೆಯನ್ನು ಬಹಳ ಹೊತ್ತು ನೋಡಿ, "ಸಹಿ ಮಾಡತೀನಿ ಅಣ್ಣಾ. ಆದರ ಅವ್ವನ ಮನೀ ಬಾಗಿಲಾ ಹಿಂದಿನ ಓಣಿಗೆ ಇಡ್ರಿ. ನಾ ಬಂದಾಗ ನಿಮ್ಮ ಪಡಸಾಲಿ ದಾಟಿ ಹೋಗೂದು ಬ್ಯಾಡ" ಎಂದಳು.

ಯಾರೂ ಮಾತಾಡಲಿಲ್ಲ. ಬೇರೆ ಬಾಗಿಲೆಂದರೆ ಮನೆ ಒಡೆಯಿತೆಂದು ಊರು ಆಡುವದು. ಆ ಪಡಸಾಲೆಯಲ್ಲಿ ಆಕೆಗೆ ಎಂದು ಏನು ನೋವಾಗಿತ್ತೋ, ಅಣ್ಣಂದಿರಿಗೆ ತಿಳಿದಿರಬೇಕು. ಅವರು ಕೇಳಲಿಲ್ಲ, ಆಕೆ ಹೇಳಲಿಲ್ಲ. ಕಡೆಗೆ ಚಿಗವ್ವನೇ, "ಒಲಿ ಬ್ಯಾರೆ ಆದ ಮ್ಯಾಲ ಬಾಗಿಲಾ ಯಾಕ ಒಂದ ಇರಬೇಕು?" ಎಂದಳು. ನಕಾಶೆ ತಿದ್ದಲ್ಪಟ್ಟಿತು, ಸಹಿಯಾಯಿತು. ವಾರಸಾ ಮುಗಿದು ಪಂಚಾಯತಿಯ ಅಪ್ಪಣೆ ಕೈಸೇರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು.

ಈಗ ಮನೆ ನಿಂತಿದೆ. ಮಾಳಿಗೆಯ ಬದಲು ತಗಡು ಹೊದಿಸಿದ್ದಾರೆ. ಬ್ಯಾಸಗಿಯಲ್ಲಿ ಅದು ಹಂಚಿನಂತೆ ಕಾಯುವದೆಂದು ಚಿಗವ್ವ ಗೊಣಗುತ್ತಾಳೆ. ಮಗಳು ಈ ಸಲದ ಪಂಚಮಿಗೆ ಓಣಿಯ ಬಾಗಿಲಿನಿಂದಲೇ ಬಂದು, ನಾಲ್ಕು ದಿನ ಇದ್ದು ಹೋದಳು.