ಚನ್ನಪಟ್ಟಣದ ದುಂಡುಮೇಜು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರು ಕ್ರಮಿಸಿದರೆ ಚನ್ನಪಟ್ಟಣವು ದೊರೆಯುವುದು. ಈ ಊರು ಬೊಂಬೆಗಳಿಂದ ಪ್ರಸಿದ್ಧವಾಗಿರುವುದನ್ನು ವಾಚಕರೆಲ್ಲರೂ ಬಲ್ಲರು. ಆದರೆ ಬೊಂಬೆಯನ್ನು ಕಡೆಯುವ ಕೈಯೇ ಮನೆಗೆ ಬೇಕಾದ ಸಣ್ಣ ಮೇಜನ್ನೂ ಕಡೆಯಬಲ್ಲುದೆಂಬುದು ಎಲ್ಲರ ಗಮನಕ್ಕೂ ಬಂದಿರಲಾರದು. ನಮ್ಮ ಗೃಹಿಣಿಗೆ ಮಂಡಿನೋವು ಬಲಿತು, ನೆಲದ ಮೇಲಿನ ನೀರಿನ ಚೊಂಬನ್ನು ಬಾಗಿ ಎತ್ತುವುದೇ ಕಷ್ಟವಾಯಿತು. ಆದಕಾರಣ ಮಂಚದ ಪಕ್ಕದಲ್ಲಿಡತಕ್ಕ ದುಂಡುಮೇಜೊಂದನ್ನು ಮಾಡಿಸುವ ಸಲುವಾಗಿ ನಾವು ಅಲ್ಲಿಗೆ ಹೋದೆವು.

ಓಣಿಯೊಳಕ್ಕೆ ಕಾಲಿಡುತ್ತಲೇ ಮರ ಕಡೆಯುವ ಯಂತ್ರಗಳ ಸದ್ದೂ ಕಾದ ಅರಗಿನ ವಾಸನೆಯೂ ನಮ್ಮನ್ನು ಎದುರುಗೊಂಡುವು. ಈ ಯಂತ್ರಕ್ಕೆ ಸಂಸ್ಕೃತದಲ್ಲಿ ಭ್ರಮವೆಂದು ಹೆಸರು. ಸೂರ್ಯನ ತಾಪವನ್ನು ಸಹಿಸಲಾರದ ಮಗಳಿಗಾಗಿ ವಿಶ್ವಕರ್ಮನು ಅಳಿಯನನ್ನೇ ಭ್ರಮಕ್ಕೇರಿಸಿ ಅವನ ತೇಜಸ್ಸನ್ನು ಹೆರೆದನೆಂದು ಪುರಾಣಗಳು ಹೇಳುವುವು. ಇಲ್ಲಿ ಹೆರೆಯುವುದು ಆಲೆಯ ಮರವನ್ನು. ಅದು ದಂತದಂತೆ ಬಿಳುಪು, ಉಳಿಗೆ ಮೃದು. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುವುದು. ಬಳಿಕ ಕೇದಗೆಯ ಎಲೆಯಿಂದ ತಿಕ್ಕಿ ಹೊಳಪು ಕೊಡುವರು.

ವೃದ್ಧ ಕುಶಲಿಯೊಬ್ಬರು ನಮ್ಮ ಮಾತನ್ನು ಕೇಳಿ, ಬಣ್ಣ ಯಾವುದೆಂದು ವಿಚಾರಿಸಲಿಲ್ಲ. "ಮೇಷ್ಟ್ರೇ, ಮೇಲೆ ಏನು ಇಡ್ತೀರಿ? ನೆಲ ಎಂಥದು?" ಎಂದರು.

"ಔಷಧಿ, ನೀರು, ಬಿಸಿ ಕಾಫಿಯ ಲೋಟ. ನೆಲ ಹಳೆಯ ಕಲ್ಲುಚಪ್ಪಡಿಯದು, ಯಜಮಾನರೇ" ಎಂದೆವು.

ಈ ಎರಡು ಉತ್ತರಗಳಿಂದಲೇ ಮೇಜಿನ ಆಕಾರವೆಲ್ಲವೂ ನಿಶ್ಚಯವಾಯಿತು. ಬಿಸಿಗೆ ಕರಗಿ ಹತ್ತಿದ ಅರಗು ಬಿಸಿಗೇ ಮತ್ತೆ ಮೆತ್ತಗಾಗುವುದು. ಆದ್ದರಿಂದ ಅರಗಿನ ಬಣ್ಣವು ಕಾಲುಗಳಿಗೆ ಮಾತ್ರ. ಆಲೆಯ ಮರವು ದಪ್ಪವಾಗಿ ಬೆಳೆಯದಾದುದರಿಂದ ಮೇಲ್ಹಲಗೆಗೆ ಹಲಸು. ಅದರ ವ್ಯಾಸ 18 ಅಂಗುಲ, ಎಂದರೆ ಒಂದು ಮೊಳ; ಎತ್ತರವು ಮಂಚದ ಹಾಸಿಗೆಯ ಸಮ. ಹಲಗೆಯು ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುವುದು, ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಇದನ್ನರಿತು ಅಡಿಯ ಪಟ್ಟಿಯಲ್ಲಿ ತಿರುಪಿನ ರಂಧ್ರಗಳನ್ನು ನೀಳವಾಗಿ ಕೊರೆಯುವರು. ಬಿಗಿದು ಕಟ್ಟಿದ ಹಲಗೆಯಾದರೋ ಸೀಳುವುದು.

ಇನ್ನು ಕಾಲುಗಳು. ನಾಲ್ಕು ಕಾಲಿನ ಮೇಜು ಏರುತಗ್ಗಿನ ನೆಲದಲ್ಲಿ ಕುಂಟುವುದು. ಮೂರು ಕಾಲಿನದು ಎಲ್ಲಿಟ್ಟರೂ ಅಲುಗದು. ನಾವು ಟೀಪಾಯಿ ಎನ್ನುವುದೂ ಹಿಂದಿಯ ತಿಪಾಯಿಯೇ, ಮೂರು ಕಾಲಿನದೆಂದರ್ಥ. ಚಹಾಕ್ಕೂ ಅದಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಕನ್ನಡದಲ್ಲಿ ಮುಕ್ಕಾಲಿ. ಕೈವಾರವನ್ನು ವೃತ್ತದ ತ್ರಿಜ್ಯದಷ್ಟೇ ತೆರೆದು ಅಂಚಿನ ಮೇಲೆ ನಡೆಸಿದರೆ ಸರಿಯಾಗಿ 6 ಗುರುತುಗಳಾಗುವುವು. ಒಂದನ್ನು ಬಿಟ್ಟು ಒಂದನ್ನು ಹಿಡಿದರೆ ಕಾಲುಗಳ ಸ್ಥಾನ ಸಿದ್ಧ.

ಆದರೆ ಮುಕ್ಕಾಲಿಗೂ ಒಂದು ದೋಷವುಂಟು. ಪಾದಗಳು ಅಂಚಿನ ನೇರಕ್ಕಿದ್ದರೂ, ಎರಡು ಪಾದಗಳನ್ನು ಸೇರಿಸುವ ರೇಖೆಯು ನಡುವಿನಿಂದ ನಾಲ್ಕೂವರೆ ಅಂಗುಲ ಮಾತ್ರ ದೂರವಿರುವುದು. ಅದರಾಚೆಗೆ ಕೈಯೂರಿದರೆ ಮೇಜು ಮಗುಚೀತು. ಇರುಳಿನಲ್ಲಿ ಎದ್ದೇಳುವ ರೋಗಿಗೆ ಇದು ಸಣ್ಣ ಅಪಾಯವಲ್ಲ. ಕುಶಲಿಯು ಕಾಲುಗಳನ್ನು ಹೊರಕ್ಕೆ ಓರೆಮಾಡಿ ಪಾದಗಳನ್ನು ಅಂಚಿಗಿಂತ ಒಂದಂಗುಲ ಆಚೆಗೆ ತಂದರು. "ಒಂದು ಕಾಲು ಯಾವಾಗಲೂ ಮಂಚದ ಕಡೆಗೇ ಇರಲಿ, ಮೇಷ್ಟ್ರೇ, ಅಮ್ಮನವರ ಕೈ ಆ ಕಾಲಿನ ಮೇಲೇ ಬೀಳಬೇಕು. ಆದರೂ ಇದು ಹಿಡಿದು ಏಳೋ ಆಸರೆ ಅಲ್ಲ" ಎಂದೂ ಎಚ್ಚರಿಸಿದರು.

ಒಣಗಿದ ಮರಕ್ಕಾಗಿ ಕೆಲವು ವಾರ ಕಾಯಬೇಕಾಯಿತು. ಹಸಿಮರದಿಂದ ಬೇಗನೆ ಮಾಡಿಕೊಡಲು ಅವರು ಒಪ್ಪಲಿಲ್ಲ. ಮೇಜು ಬಂದಂದಿನಿಂದ ಚೊಂಬು ಕೈಗೆಟಕುವಲ್ಲಿದೆ. ಮೇಜು ಮಾಡಿಸಬೇಕೆಂದಿರುವ ಗೃಹಸ್ಥರು ಬಣ್ಣವನ್ನಾರಿಸುವ ಮೊದಲು ಆ ವೃದ್ಧರ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧಮಾಡಿಕೊಂಡು ಹೋಗಲಿ.