ಬೀಗ ಬಿದ್ದ ಕೋಣೆಗಳು



ಮನೆಯ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದೊಡನೆ ಬಂಧುಗಳು ವಂಶವನ್ನು ಕೆದಕತೊಡಗುತ್ತಾರೆ. ನನ್ನ ಅತ್ತಿಗೆಯನ್ನು ರೋಗಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಇಂಥ ಪ್ರಶ್ನೆಗಳೇ. ಆದರೆ ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 5ರಿಂದ 10 ಮಾತ್ರ ವಂಶಪಾರಂಪರ್ಯವಾಗಿ ಬಂದವು.

ಜೀವಕೋಶವನ್ನು ಹಲವು ಕೋಣೆಗಳ ಮನೆಯೆಂದು ಭಾವಿಸಿರಿ. ಪ್ರತಿಯೊಂದು ವಂಶವಾಹಿಯೂ ಒಂದು ಕೋಣೆ. ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನೋಡಿಕೊಳ್ಳುವಲ್ಲಿ ಕೆಲವು ಕಿಣ್ವಗಳ ಪಾತ್ರ ದೊಡ್ಡದು. ಡಿಎನ್‌ಎಂಟಿ ಕಿಣ್ವವು ಡಿಎನ್‌ಎಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತನ್ನು ಅಂಟಿಸಿ ಬೀಗ ಹಾಕುತ್ತದೆ. ಹೀಗಾಗಿಯೇ ಕೆಲವರಲ್ಲಿ, ಗಡ್ಡೆ ಬೆಳೆಯದಂತೆ ಕಾಯುವ ಬಿಆರ್‌ಸಿಎ1 ವಂಶವಾಹಿಯು ಒಂದಕ್ಷರವೂ ಕೆಡದೆ ಮೌನವಾಗಿಬಿಡುತ್ತದೆ. ಇಜೆಡ್‌ಎಚ್2 ಎಂಬ ಇನ್ನೊಂದು ಕಿಣ್ವ ಮಿತಿಮೀರಿದರೆ, ಜೀವಕೋಶಗಳನ್ನು ಪರಸ್ಪರ ಬಂಧಿಸುವ ಇ-ಕ್ಯಾಡೆರಿನ್ ಕುಂದಬಹುದು. ಬಂಧ ಕಳಚಿದ ಕೋಶವು ದೇಹದ ಬೇರೆಡೆಗೆ ಹರಡಲು ದಾರಿಯಾಗುತ್ತದೆ. ಉಗ್ರ ಸ್ತನ ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಹೆಚ್ಚಿರುವುದನ್ನು 2003ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು.

ಹಾಕಿದ ಬೀಗವನ್ನು ತೆರೆಯಲೂಬಹುದು ಎಂಬುದೇ ಇಲ್ಲಿನ ಭರವಸೆ. ವಂಶವಾಹಿಗಳನ್ನು ಮುಚ್ಚುವ ಎಚ್‌ಡಿಎಸಿ ಕಿಣ್ವಗಳನ್ನು ತಡೆಯುವ ಟುಸಿಡಿನೋಸ್ಟಾಟ್ ಔಷಧಿಯನ್ನು, ಒಂದು ಬಗೆಯ ಮುಂದುವರಿದ ಸ್ತನ ಕ್ಯಾನ್ಸರ್‌ಗೆ ಬಳಸಲು 2019ರಲ್ಲಿ ಚೀನಾ ಒಪ್ಪಿಗೆ ನೀಡಿತು. ಇದು ಸಂಪೂರ್ಣ ಪರಿಹಾರವಲ್ಲ, ನಿಜ. ಆದರೂ ಒಂದು ಬಾಗಿಲು ತೆರೆದಿದೆ.

ಆದ್ದರಿಂದ ಓದುಗರೇ, ರೋಗಿಯ ನಡತೆಯಲ್ಲಾಗಲಿ, ಅವಳ ತವರಿನಲ್ಲಾಗಲಿ ತಪ್ಪನ್ನು ಹುಡುಕದಿರಿ. ಸ್ತನದಲ್ಲಿ ಗಂಟು ಕಂಡವಳು ನಾಚಿಕೆಯಿಂದ ಅದನ್ನು ಬಚ್ಚಿಡದಂತೆ ಧೈರ್ಯ ತುಂಬಿರಿ. ತಡಮಾಡದೆ ವೈದ್ಯರ ಬಳಿಗೆ ಅವಳೊಡನೆ ನೀವೂ ನಡೆಯಿರಿ.